ಬೋರ್ಡಿನಲ್ಲಿಲ್ಲದ ಹುಸೇನಪ್ಪ ಮಾಸ್ತರರು

ಕಳೆದ ಭಾನುವಾರ ಸುರಪುರದ ಮೈದಾನದಲ್ಲಿ, ನಮ್ಮೂರಿಗೆ ಫುಟ್‌ಬಾಲ್ ಕಪ್ ತಂದುಕೊಟ್ಟ ಹಳೆಯ ತಂಡದ ಬೋರ್ಡು ಹಾಕಿದರು. ಅದರಲ್ಲಿ ಡಿಫೆಂಡರ್ ಹುಸೇನಪ್ಪ ಮಾಸ್ತರರ ಹೆಸರೇ ಇಲ್ಲ. ಕೇಳಿದ್ದಕ್ಕೆ ಸಮಿತಿಯವರೊಬ್ಬರು, "ಅವರು ಒಂದರೆ ಗೋಲ್ ಹೊಡದಾರೇನ್ರಿ?" ಎಂದು ನಕ್ಕರು.

ನಾನು ಸಿಟ್ಟಿನಿಂದ ತಿರುಗಿದಾಗ, ಆಗಷ್ಟೇ ಎಳೆದ ಗೆರೆಗಳ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಮಾಸ್ತರರು ಆಟ ಬಿಟ್ಟು, ಹುಡುಗಿಯರಾದ ನಮಗೆ ಕಲಿಸಲು ನಿಂತಿದ್ದ ಕಾಲ ನೆನಪಾಯಿತು. ದಿನಾ ಬೆಳಿಗ್ಗೆ ತೂತು ಡಬ್ಬಿಯಲ್ಲಿ ಸುಣ್ಣದ ನೀರು ತುಂಬಿ ಗೆರೆಗಳನ್ನು ಅವರೇ ಎಳೆಯುತ್ತಿದ್ದರು. ಅವರ ಪೈಜಾಮದ ಅಂಚು ಸುಣ್ಣ ಒಣಗಿ ಸದಾ ಬಿರುಸಾಗಿರುತ್ತಿತ್ತು.

"ತಂಗಿ, ಚೆಂಡ ನೋಡಬ್ಯಾಡ, ಎದುರ ಬರಾಕಿ ಮೊಣಕಾಲ ನೋಡು. ಯಾ ಕಡಿ ಹೊಂಟಾಳಂತ ಅದ ಹೇಳತದ," ಎನ್ನುತ್ತಿದ್ದರು.

ಒಮ್ಮೆ ನಾನೇ ಕೆಣಕಿದ್ದೆ: "ಸರ್, ನೀವು ಎಷ್ಟ ಗೋಲ್ ಹೊಡದೀರಿ?"

"ಒಂದೂ ಇಲ್ಲವ್ವಾ. ಹೊಡ್ಯಾಕ ಬಂದೋರನ್ನ ಕೇಳು, ನಾ ಏನ್ ಮಾಡೀನಂತ."

ಬೋರ್ಡು ಹಾಕಿದವರೇ, ಈಗ ನಾನು ಕೇಳುತ್ತಿದ್ದೇನೆ. ಕಪ್ ಗೆದ್ದ ಆ ಫೈನಲ್‌ನಲ್ಲಿ ಮಾಸ್ತರರನ್ನು ದಾಟಿ ನಮ್ಮೂರಿನ ಮೇಲೆ ಎಷ್ಟು ಗೋಲು ಬಿದ್ದವು? ಅದೇ ಬೋರ್ಡಿನ ಕೆಳಗೆ ನಿಂತು, ಎಲ್ಲರ ಮುಂದೆ ಹೇಳಿ.