ಹನುಮಯ್ಯನವರ ನಕ್ಷೆ ನನ್ನ ಬೀರುವಿನಲ್ಲಿದೆ

ರಾಮನಗರದ ಹತ್ತಿರ, ಕೂಟಗಲ್ ಕಡೆಯ ಆ ಊರಿನಲ್ಲಿ ಈಗಲೂ ಹೇಳುವ ಕಥೆ ಸುಳ್ಳು. ನೀರುಗಂಟಿ ಹನುಮಯ್ಯನವರ ಕೆರೆ ನಕ್ಷೆಯನ್ನು ಬಿಳಿ ಹೆಂಗಸು ಕದ್ದುಕೊಂಡು ಹೋಗಲಿಲ್ಲ. ಅವರೇ ಅದನ್ನು ಅವಳಿಗೆ ಕೊಟ್ಟುಬಿಡಲೂ ಇಲ್ಲ. ನಕ್ಷೆ ನನ್ನ ಹತ್ತಿರ ಇದೆ. ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುವ ಹಾಗೆ ಮಾಡಿದವನು ನಾನು. ಹಿಂದಿರುಗಿಸಿದ್ದೇನೆ ಎಂದು ಸರ್ಕಾರಿ ಕಾಗದದ ಮೇಲೆ ಸಹಿ ಹಾಕಿದವನೂ ನಾನೇ.

ಕಳೆದ ತಿಂಗಳು ಕೆಂಗಲ್‌ನಲ್ಲಿ ಬಸ್ಸಿಗೆ ಕಾಯುತ್ತಾ ಟೀ ಕುಡಿಯುತ್ತಿದ್ದೆ. ರಾಮನಗರದಲ್ಲಿ ರೇಷ್ಮೆಗೂಡು ಮಾರಿ, ಹಾಗೇ ಆಂಜನೇಯನಿಗೂ ಕೈಮುಗಿದು ಬಂದಿದ್ದ ಇಬ್ಬರು ಪಕ್ಕದ ಬೆಂಚಿನಲ್ಲಿ ಕೂತಿದ್ದರು.

"ಆ ಬಿಳಿ ಹೆಂಗ್ಸು ನಮ್ ಹನುಮಯ್ಯನ್ ಮ್ಯಾಪ್ ಎತ್ಕಂಡ್ ಓಡೋದ್ಲು ಕಣ್ಲಾ."

"ಕೆರೆ ಮ್ಯಾಪ್ ತಗಂಡ್ ಅವ್ರ್ ದೇಸದಾಗೆ ಏನ್ಲಾ ಮಾಡ್ತಾಳೆ? ಅಲ್ಲೇನ್ ನಮ್ ಕೆರೆ ನೀರ್ ಹೋಯ್ತದಾ?"

"ಗೋಡೆಗೆ ನೇತಾಕ್ತಾಳೆ. ಅವ್ರು ಮಂಕ್ರಿ ಮೊರ ಕೊಟ್ರೂ ನೇತಾಕ್ತಾರೆ. ಅವ್ಳದ್ ಬುಡು, ಇವ್ನೇ ಕೊಟ್ಬುಟ್ಟಿರ್ಬೇಕು. ಊರ್ ಕಾಲ್ವೇನೇ ಕೊಟ್ಟಂಗಾಯ್ತು."

ನಾನು ಕಾಲೇಜಿನಿಂದಲೂ ಡಿಬೇಟ್ ಮಾಡಿದವನು. ಯಾರ ಕಥೆಯನ್ನೂ ಪ್ರಶ್ನೆ ಹಾಕದೆ ಒಪ್ಪಿದವನಲ್ಲ. ಅವತ್ತು ಕೇಳಬಹುದಿತ್ತು — ಅವಳ ಬಳಿ ಜೆರಾಕ್ಸ್ ಇದ್ದಮೇಲೆ ಅಸಲು ಏಕೆ ಬೇಕಿತ್ತು? ಅವಳು ಓಡಿಹೋದಳೋ, ವೀಸಾ ಕೊಡದೆ ಕಳಿಸಿದರೋ? ತನ್ನ ಮಗಳಿಗೆಂದು ಬರೆದದ್ದನ್ನು ಹನುಮಯ್ಯ ಯಾರಿಗಾದರೂ ಏಕೆ ಕೊಡುತ್ತಾರೆ? ಮೂರೇ ಪ್ರಶ್ನೆಗೆ ಆ ಕಥೆ ಕುಸಿಯುತ್ತಿತ್ತು. ನಾನು ಲೋಟ ಕೆಳಗಿಟ್ಟು ಬಸ್ಸು ಹತ್ತಿದೆ.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಂಟು ವರ್ಷದ ಹಿಂದೆ ನಾನು ದೆಹಲಿಯ ಸರ್ಕಾರಿ ವಿಭಾಗವೊಂದರಲ್ಲಿ ಹೊಸದಾಗಿ ಸೇರಿದ್ದೆ. ಭದ್ರತೆ ಮತ್ತು ವಿದೇಶಾಂಗ ವಿಷಯಗಳಲ್ಲಿ ಬರುವ ಮಾಹಿತಿಯನ್ನು ಓದಿ, ತೂಗಿ, ಮೇಲಿನವರಿಗೆ ಎರಡು ಪುಟದ ಟಿಪ್ಪಣಿ ಬರೆದುಕೊಡುವುದು ಕೆಲಸ. ಅಲ್ಲೊಂದು ಪದ್ಧತಿ ಇತ್ತು. ಗೊಂದಲದ ಫೈಲು ಬಂದರೆ ಇಬ್ಬರು ಕಿರಿಯರು ಚೀಟಿ ಎತ್ತಬೇಕು. ಒಬ್ಬನಿಗೆ 'ಅಪಾಯ ಇದೆ', ಇನ್ನೊಬ್ಬನಿಗೆ 'ಇಲ್ಲ'. ನಂಬಿಕೆ ಏನೇ ಇರಲಿ, ಸಿಕ್ಕ ಪಕ್ಷವನ್ನು ವಾದಿಸಬೇಕು. ವಾದ ಮುಗಿದ ಮೇಲೆ ಮುಖ್ಯಸ್ಥರು ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಡುತ್ತಿದ್ದರು. ಕ್ಯಾಪು ಬಿದ್ದಮೇಲೆ ಚೀಟಿಗೆ ಬೆಲೆ ಇಲ್ಲ. ಆಮೇಲೆ ಅವರು ಕೇಳುವ ಒಂದು ಪ್ರಶ್ನೆಗೆ ನಿನಗೆ ಗೊತ್ತಿರುವ ನಿಜವನ್ನೇ ಹೇಳಬೇಕು. ಇಡೀ ವಿಭಾಗ ನಿಂತಿದ್ದು ಆ ಕ್ಯಾಪಿನ ಮೇಲೆ.

ಆಗ ಮೈಸೂರು ರಸ್ತೆಯ ಎರಡೂ ಬದಿ ಕಾರ್ಖಾನೆಗಳು ಏಳುತ್ತಿದ್ದವು. ರಾಮನಗರದ ಒಳಗಡೆ ಹೊಸದೊಂದು ಕೈಗಾರಿಕಾ ಪ್ರದೇಶಕ್ಕೆ ಕಲ್ಲು ನೆಟ್ಟಿದ್ದರು. ಅಲ್ಲಿಗೆ ಬರಲಿದ್ದ ವಿದೇಶಿ ಎಂಜಿನಿಯರುಗಳ ಸುರಕ್ಷತೆಯ ಬಗ್ಗೆ ಅವರ ದೇಶದವರು ನಮ್ಮ ಸರ್ಕಾರವನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಆ ಕಲ್ಲುಗಳ ಆಸುಪಾಸು ಓಡಾಡುತ್ತಿದ್ದ ಯುರೋಪಿನ ಸಂಶೋಧಕಿಯೊಬ್ಬಳನ್ನು ಪೊಲೀಸರು ವಿಚಾರಿಸಿದರು. ಹಳೆಯ ಕೆರೆಗಳ ಅಧ್ಯಯನಕ್ಕೆ ಬಂದಿದ್ದೇನೆ ಎಂದಳಂತೆ. ಅವಳ ಚೀಲದಲ್ಲಿ ಸಿಕ್ಕ ನಕ್ಷೆಯ ಜೆರಾಕ್ಸ್, ಅವಳ ವೀಸಾ ಫೈಲಿನ ಜೊತೆ ನಮ್ಮ ಮೇಜಿಗೆ ಬಂತು.

ಕೈಯಲ್ಲಿ ಬಿಡಿಸಿದ ನಕ್ಷೆ. ಕೆರೆ, ಏರಿ, ಎರಡು ತೂಬು, ಗುಡ್ಡದ ಕಡೆಯಿಂದ ಕೆರೆಗೆ ನೀರು ತರುವ ಕಾಲುವೆ, ಕರೆಂಟು ಕಂಬಗಳ ಸಾಲು. ಕೆಳಗೆ ಸಣ್ಣ ಸಣ್ಣ ಚೌಕಗಳು. ಒಂದೊಂದು ಚೌಕದಲ್ಲೂ ಸೂರ್ಯ ಇಲ್ಲವೇ ಚಂದ್ರ. ಪಕ್ಕದಲ್ಲಿ ಒಂದು ಗೀಟು, ಎರಡು ಗೀಟು, ಒಂದೂವರೆ ಗೀಟು. ಯಾರೋ ಕಾವಲಿನವರ ಹಗಲು ಪಾಳಿ, ರಾತ್ರಿ ಪಾಳಿಯನ್ನು ಗುರುತು ಮಾಡಿಕೊಂಡಂತೆ ಕಾಣುತ್ತಿತ್ತು — ಕೆರೆ ಬಯಲು ನೋಡದವರಿಗೆ.

ನಾನು ನೋಡಿದ್ದೆ. ನಾನು ಅದೇ ಜಿಲ್ಲೆಯ ಕುದೂರು ಹೋಬಳಿಯವನು. ನಮ್ಮ ತಾತನ ಗದ್ದೆ ಕೆರೆಯ ಕೆಳಗಿತ್ತು. ಯಾರ ಗದ್ದೆಗೆ ಯಾವ ಹೊತ್ತು ಎಷ್ಟು ನೀರು ಎಂದು ನಿರ್ಧರಿಸಿ ತೂಬು ಎತ್ತುವವನು ನೀರುಗಂಟಿ. ನಮ್ಮೂರಿನ ನೀರುಗಂಟಿ ಅಂಗಳದಲ್ಲೇ ನಿಂತು, ಜಗಲಿ ಹತ್ತದೆ, ಕೂಗಿ ಹೇಳುತ್ತಿದ್ದ: "ಗೌಡ್ರೇ, ನಾಳಿಕೆ ಚಂದ್ರನ್ ಸರದಿ ನಿಮ್ದು. ಒಂದೂವರೆ ಜಾವ." ಸೂರ್ಯ ಎಂದರೆ ಹಗಲಿನ ನೀರು, ಚಂದ್ರ ಎಂದರೆ ರಾತ್ರಿಯ ನೀರು, ಗೀಟು ಎಂದರೆ ಜಾವ. ಜೆರಾಕ್ಸ್ ಕೈಗೆ ಬಂದ ಕ್ಷಣವೇ ನನಗೆ ಗೊತ್ತಾಯಿತು. ಅನುಮಾನ ಒಂದಿಷ್ಟೂ ಇರಲಿಲ್ಲ — ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ತಪ್ಪು ತಿಳಿದೆ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗೇ ಬೇಡ.

ಚೀಟಿಯಲ್ಲಿ ನನಗೆ ಬಂದದ್ದು 'ಅಪಾಯ ಇದೆ'.

ಎದುರು ಪಕ್ಷ ರಿತು, ನನ್ನ ಜೊತೆಗೇ ಸೇರಿದ ಗುಡ್ಡಗಾಡಿನ ಹುಡುಗಿ. ಅವಳು ಮೆಲ್ಲಗೆ ಹೇಳಿದಳು, ಇದು ನೀರಾವರಿಗೆ ಸಂಬಂಧಿಸಿದ್ದು ಇರಬಹುದು ಎಂದು. ಸರಿಯಾಗೇ ಹೇಳಿದ್ದಳು. ನಾನು ನಕ್ಕೆ. "ನೀನು ಒಂದಾದರೂ ಕೆರೆ ನೋಡಿದ್ದೀಯಾ? ನಾನು ಆ ಜಿಲ್ಲೆಯವನು. ನಮ್ಮ ಕಡೆ ಕೆರೆಗೆ ಯಾರೂ ನಕ್ಷೆ ಬರೆಯುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ ಕೆರೆಗೆ ನಕ್ಷೆ ಯಾಕೆ?" ಕೋಣೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಅವಳು ಕೂತಳು.

ಅಲ್ಲಿಯವರೆಗೆ ಆಟ. ಆಮೇಲೆ ಮುಖ್ಯಸ್ಥರು ಪೆನ್ನಿನ ಕ್ಯಾಪು ಹಾಕಿದರು. ಮೇಜಿನ ಮೇಲಿಟ್ಟರು. ನನ್ನನ್ನೇ ನೋಡಿ ಕೇಳಿದರು:

"ನೀನು ಆ ಕಡೆಯವನು. ಇದು ಬೇರೆ ಏನಾದರೂ ಆಗಿರಬಹುದೇ?"

"ಇಲ್ಲ ಸರ್."

ಎರಡೇ ಪದ. ಏಕೆ ಹೇಳಿದೆ? ಗೆದ್ದಿದ್ದೆ. ಆಗಷ್ಟೇ ಗೆದ್ದದ್ದನ್ನು ಅದೇ ಬಾಯಿಂದ ಬಿಟ್ಟುಕೊಡುವುದು — ರಿತುವಿನ ಎದುರಿಗೆ — ಆಗಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಚೆನ್ನಾಗಿತ್ತು. ಹುಡುಕಿದ್ದೇನೆ. ಇಲ್ಲ.

ವಿಚಾರಣೆಗೆ ಕನ್ನಡ ಬಲ್ಲವನೆಂದು ನನ್ನನ್ನೇ ರಾಮನಗರಕ್ಕೆ ಕಳಿಸಿದರು. ಹನುಮಯ್ಯನವರನ್ನು ಅಸಲು ನಕ್ಷೆಯ ಜೊತೆ ಠಾಣೆಗೆ ಕರೆಸಿದ್ದರು. ಅರವತ್ತು ದಾಟಿದ ಒಣಕಲು ಆಳು, ಬಿಳಿ ಟವೆಲು ಹೆಗಲ ಮೇಲಲ್ಲ, ಕಂಕುಳಲ್ಲಿ. ಇನ್‌ಸ್ಪೆಕ್ಟರ್ ಡ್ರಾಯಿಂಗ್ ಹಾಳೆಯನ್ನು ಮೇಜಿನ ಮೇಲೆ ಹರಡಿ ಕೇಳಿದರು:

"ಏನ್ಲಾ ಇದು? ಕೆರೆಗೂ ಮ್ಯಾಪ್ ಬೇಕೇನ್ಲಾ?"

"ಕೆರೆಗ್ಯಾಕೆ ಸಾ, ಕೆರೆಗೆ ಎಲ್ಲಾ ಗೊತ್ತೈತೆ. ನನ್ ಮಗ್ಳಿಗೆ. ಗಂಡ್ಮಕ್ಳಿಲ್ಲ ನಂಗೆ. ನಾನ್ ಹೋದ್ಮ್ಯಾಕೆ ಶಿವಮ್ಮ ತೂಬ್ ಎತ್ತಬೇಕಲ್ಲ. ಹೆಂಗ್ಸು, ಅವ್ಳಿಗೇನ್ ಗೊತ್ತು ಅಂತಾರೆ ಊರೋರು. ಕಾಗ್ದ ಇದ್ರೆ ಒಸಿ ಬಾಯ್ ಮುಚ್ಕತಾರೆ ಅಂತ."

"ಆ ಬಿಳಿ ಹೆಂಗ್ಸಿಗ್ಯಾಕ್ ಕೊಟ್ಟೆ?"

"ಆ ಅವ್ವ ಬಣ್ಣದ್ ಪೆನ್ಸಿಲ್ ತಂದ್ಕೊಡ್ತು ಸಾ. ಒಂದ್ ಜೆರಾಕ್ಸ್ ಕೇಳ್ತು. ಸೂರ್ಯ ಹಗಲ್ದು, ಚಂದ್ರ ರಾತ್ರೀದು. ಇಷ್ಟೇಯ."

ಇನ್‌ಸ್ಪೆಕ್ಟರ್ ನಕ್ಕು ನನ್ನ ಕಡೆ ನೋಡಿದರು. ಹನುಮಯ್ಯನವರೂ ನೋಡಿದರು.

"ಸಾರು ಯಾವ್ ಕಡೆಯೋರು?"

ಬಾಯಿ ತಪ್ಪಿ ಬಂತು: "ಕುದೂರು."

ಅವರ ಮುಖ ಸಡಿಲವಾಯಿತು. "ಅಂಗಾದ್ರೆ ನಿಮ್ಗೆ ಗೊತ್ತಿರ್ತದೆ ಬುಡಿ."

ನಾನು ಫೈಲಿನ ಹಾಳೆ ತಿರುವಿದೆ. ಅವರು ನನ್ನನ್ನು ಇನ್ನೊಂದು ಗಳಿಗೆ ನೋಡಿ, ತಲೆ ತಗ್ಗಿಸಿ ಸುಮ್ಮನಾದರು. ಮೂರು ದಿನ ಬೆಳಗಿನಿಂದ ಸಂಜೆತನಕ ಅವರನ್ನು ಬೆಂಚಿನ ಮೇಲೆ ಕೂರಿಸಿ ಕಳಿಸಿದರು. ಅಸಲು ನಕ್ಷೆ ನನ್ನ ಜೊತೆ ದೆಹಲಿಗೆ ಹೋಯಿತು. ಸಂಶೋಧಕಿಯ ವೀಸಾ ಮುಂದುವರಿಯಲಿಲ್ಲ.

ಒಂದು ವರ್ಷಕ್ಕೆ ಫೈಲು ಮುಚ್ಚಿತು: ಆರೋಪಕ್ಕೆ ಆಧಾರವಿಲ್ಲ, ನಕ್ಷೆಯನ್ನು ಮಾಲೀಕರಿಗೆ ಹಿಂದಿರುಗಿಸುವುದು. ಹಬ್ಬಕ್ಕೆ ಊರಿಗೆ ಹೊರಟಿದ್ದ ನಾನೇ ಒಯ್ಯುತ್ತೇನೆ ಎಂದೆ. ರಾಮನಗರದ ಸ್ಟ್ಯಾಂಡಿನಲ್ಲಿ ಕೂಟಗಲ್ ಬಸ್ಸು ನನ್ನ ಎದುರೇ ನಿಂತಿತ್ತು. ಕಂಡಕ್ಟರ್ ಎರಡು ಸಲ ಕರೆದ. ಹತ್ತಿದರೆ ಆ ಮುಖದ ಎದುರು ನಿಲ್ಲಬೇಕು, 'ನನಗೆ ಗೊತ್ತಿತ್ತು' ಎನ್ನಬೇಕು... ಬಸ್ಸು ಹೋಯಿತು. 'ಮಾಲೀಕರು ಮನೆಯಲ್ಲಿರಲಿಲ್ಲ, ಮನೆಯವರಿಗೆ ತಲುಪಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ.

ಇಲ್ಲಿಗೆ ಮುಗಿದಿದ್ದರೂ ಸಾಕಿತ್ತು. ಮರುವರ್ಷ ದೆಹಲಿಯ ಕಚೇರಿಗೆ ಒಂದು ಪತ್ರ ಬಂತು. ಕನ್ನಡದಲ್ಲಿದ್ದುದರಿಂದ ಅನುವಾದಕ್ಕೆ ನನ್ನ ಮೇಜಿಗೇ ಬಂತು. ಶಿವಮ್ಮ ಬರೆದದ್ದು. ಗುಡ್ಡದಿಂದ ಕೆರೆಗೆ ಬರುವ ಕಾಲುವೆಗೆ ಮಣ್ಣು ತುಂಬಿಸಿ ಯಾರೋ ಗೋದಾಮಿನ ಕಾಂಪೌಂಡು ಎಬ್ಬಿಸುತ್ತಿದ್ದಾರೆ. ಸರ್ಕಾರಿ ನಕ್ಷೆಯಲ್ಲಿ ಆ ಕಾಲುವೆ ಇಲ್ಲ, ಇತ್ತು ಎನ್ನುವುದಕ್ಕೆ ಏನು ಗುರುತು ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳುತ್ತಾರೆ. ನಮ್ಮಪ್ಪ ನಡೆದು ನಡೆದು ಅಳೆದು ಬರೆದ ನಕ್ಷೆ ನಿಮ್ಮಲ್ಲಿದೆ, ದಯವಿಟ್ಟು ಕಳಿಸಿಕೊಡಿ.

ಆ ನಕ್ಷೆ ಒಂದರಿಂದಲೇ ಕಾಲುವೆ ಉಳಿಯುತ್ತಿತ್ತು ಎಂದು ನಾನು ವಾದಿಸಲಾರೆ. ಉಳಿಯುತ್ತಿರಲಿಲ್ಲ ಎಂದೂ ವಾದಿಸಲಾರೆ. ಆ ದಿನ ನನ್ನ ಬಾಡಿಗೆ ಕೋಣೆಯ ಬೀರುವಿನಲ್ಲಿ, ಷರ್ಟುಗಳ ಕೆಳಗೆ ಅದು ಇತ್ತು ಎಂಬುದಷ್ಟೇ ನಿಜ. ಉತ್ತರವನ್ನು ನಾನೇ ಬರೆದೆ: 'ದಾಖಲೆಗಳ ಪ್ರಕಾರ ನಕ್ಷೆಯನ್ನು ಈಗಾಗಲೇ ಹಿಂದಿರುಗಿಸಲಾಗಿದೆ.' ಮೊಹರು ಬಿತ್ತು. ಊರು ಶಿವಮ್ಮನ ಮಾತಿಗಿಂತ ಮೊಹರನ್ನು ನಂಬಿತು. ದೆಹಲಿಯಿಂದ ವಾಪಸು ಬಂದದ್ದು ಮನೆಯಲ್ಲಿಲ್ಲ ಎಂದರೆ ಅಪ್ಪನೇ ಯಾರಿಗೋ ಕೊಟ್ಟಿರಬೇಕಲ್ಲ? ಕಾಲುವೆ ಮುಚ್ಚಿತು. ವಯಸ್ಸಾಗಿ ಹನುಮಯ್ಯನವರು ಬಿಟ್ಟ ತೂಬಿನ ಕೆಲಸ ಶಿವಮ್ಮನಿಗೆ ಸಿಗಲಿಲ್ಲ; ನೀರೇ ಬಾರದ ಕೆರೆಗೆ ನೀರುಗಂಟಿ ಯಾಕೆ ಎಂದರಂತೆ.

ನಾನು ದೆಹಲಿಯ ಕೆಲಸ ಬಿಟ್ಟು ಐದು ವರ್ಷವಾಯಿತು. ನಕ್ಷೆ ಮಾತ್ರ ಕೋಣೆಯಿಂದ ಕೋಣೆಗೆ ನನ್ನ ಜೊತೆ ಬಂದಿದೆ. ಸೋಮವಾರ ಕೂಟಗಲ್ ಬಸ್ಸು ಹತ್ತುತ್ತೇನೆ. ನಕ್ಷೆಯನ್ನು ಶಿವಮ್ಮನವರ ಕೈಗೆ ಕೊಟ್ಟು, ಅದು ಇಷ್ಟು ವರ್ಷ ಎಲ್ಲಿತ್ತು, ಯಾರ ಸುಳ್ಳಿನಿಂದ ಅಲ್ಲಿತ್ತು ಎಂದು ಬರೆದು ತಾಲ್ಲೂಕು ಕಚೇರಿಗೂ ಕೊಡುತ್ತೇನೆ. ಏನು ಬರುತ್ತದೋ ಬರಲಿ. ಆ ಟೀ ಅಂಗಡಿಯ ಬೆಂಚಿಗೂ ಹೋಗಿ ಹೇಳುತ್ತೇನೆ.

ಹನುಮಯ್ಯನವರೇ, ಇದನ್ನು ಶಿವಮ್ಮ ನಿಮಗೆ ಓದಿ ಹೇಳುತ್ತಾರೆ ಎಂದುಕೊಂಡಿದ್ದೇನೆ. ಕ್ಷಮೆ ಕೇಳುವ ಮೊದಲು ಒಂದು ಪ್ರಶ್ನೆ ಇದೆ, ಎಂಟು ವರ್ಷದಿಂದ ಇದೆ. ನನ್ನ ತಪ್ಪಿನಲ್ಲಿ ನಿಮಗೂ ಪಾಲು ಹಚ್ಚಲು ಕೇಳುತ್ತಿಲ್ಲ. ಅವತ್ತು ನೀವು ನನ್ನ ಮುಖ ನೋಡಿದಿರಿ. ನನಗೆ ಗೊತ್ತಿದೆ ಎಂಬುದು ನಿಮಗೂ ಗೊತ್ತಾಯಿತು. 'ಈ ಸಾರ್ನೇ ಕೇಳಿ, ಕುದೂರೋರು, ಇವ್ರೇ ಹೇಳ್ತಾರೆ' ಎಂದು ಇನ್‌ಸ್ಪೆಕ್ಟರ್‌ಗೆ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ನನಗೆ ಓಡಲು ಜಾಗ ಇರುತ್ತಿರಲಿಲ್ಲ. ನೀವು ತಲೆ ತಗ್ಗಿಸಿ ಸುಮ್ಮನಾದಿರಿ. ಈ ಹುಡುಗ ತಾನಾಗೇ ಹೇಳುತ್ತಾನೆ ಎಂದು ಕಾದಿರಾ — ಇಲ್ಲಾ, ಜಗಲಿಯ ಮೇಲೆ ಕೂತವರು ಅಂಗಳದಲ್ಲಿ ನಿಂತವನ ಪರವಾಗಿ ಬಾಯಿ ಬಿಡುವುದಿಲ್ಲ ಎಂದು ನಿಮಗೆ ಮೊದಲೇ ಗೊತ್ತಿತ್ತಾ?