ಮುದ್ದೆಗಿಂತ ಮೆತ್ತಗಿನದು

ಲಕ್ವ ಹೊಡೆದು ನಮ್ಮ ವಾರ್ಡಿಗೆ ಬಂದು, ಸುಧಾರಿಸಿಕೊಂಡು ಮನೆಗೆ ಹೋದವರು ಮತ್ತೆ ಬರುವುದು ಬಹಳ ಸಲ ಲಕ್ವಕ್ಕಲ್ಲ. ಕೆಮ್ಮು, ಜ್ವರ, ಎದೆಯಲ್ಲಿ ಕಫ. ಮಂಡ್ಯದ ಆಸ್ಪತ್ರೆಯೊಂದರ ನರರೋಗ ವಾರ್ಡಿನಲ್ಲಿ ನಾನು ನರ್ಸು. ಹಾಗೆ ಮರಳಿ ಬಂದವರನ್ನು ಕಂಡಾಗೆಲ್ಲ ಮನೆಯಲ್ಲಿ ಏನು ಎಡವಟ್ಟಾಯಿತೋ ಎಂದುಕೊಳ್ಳುತ್ತಿದ್ದೆ. ಒಂದು ದಿನ ನನ್ನ ದೊಡ್ಡಪ್ಪನೇ ಮರಳಿ ಬಂದ.

ದೊಡ್ಡಪ್ಪ ಬೆಳಕವಾಡಿ ಹತ್ತಿರ ಆಲೆಮನೆ ನಡೆಸಿದವನು. ಗಾಣದ ಸದ್ದನ್ನು ಮೀರಿಸಿ ಕೂಗಿ ಕೂಗಿ ಅವನ ಮಾಮೂಲಿ ಮಾತೂ ಬೈಗುಳವೇ. ಅಪ್ಪ ಇಲ್ಲದ ನನ್ನನ್ನು ಓದಿಸಿದವನೂ ಅವನೇ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವನಿಗಂತೂ ಇರಲೇ ಇಲ್ಲ.

ಮೊದಲ ಸಲ ಅವನನ್ನು ಮನೆಗೆ ಕಳಿಸುವಾಗ ವಾರ್ಡಿನಲ್ಲಿ ಮೆತ್ತಗಿನ ಊಟ ಕೊಡಿ ಎಂದಷ್ಟೇ ಹೇಳಿದ್ದರು. "ಏನ್ ಕೊಟ್ಟೆ ದೊಡ್ಡವ್ವ?" ಎಂದು ಈಗ ಕೇಳಿದೆ.

"ಮೆತ್ಗಿರೋದ್ ಕೊಡಿ ಅಂದ್ರಲ್ಲವ್ವ, ಮುದ್ದೆ ಕೊಟ್ಟೆ. ಅದ್ಕಿಂತ ಮೆತ್ಗಿರೋದು ಇನ್ನೇನೈತೆ? ಅಗಿಯೋ ಕಷ್ಟನೂ ಇಲ್ಲ."

ನಮ್ಮ ಕಡೆ ಮುದ್ದೆ ಅಗಿದರೆ ನಗುತ್ತಾರೆ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗುವುದು. ಹಲ್ಲಿಗೆ ಬಿಡುವು, ಎಲ್ಲ ಕೆಲಸ ಗಂಟಲಿಗೆ. ದೊಡ್ಡಪ್ಪನಿಗೆ ಲಕ್ವ ಹೊಡೆದದ್ದು ಕೈಕಾಲಿಗಷ್ಟೇ ಅಲ್ಲ, ಗಂಟಲಿಗೂ. ಸಾರು ಉಸಿರಿನ ದಾರಿ ಹಿಡಿದು ಎದೆಗಿಳಿದಿತ್ತು. ಇನ್ನೊಂದು ಸಲ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದರು ಡಾಕ್ಟರು.

ನುಂಗುವುದನ್ನು ಕಲಿಸುವ ಮೇಡಂ ಬಂದು ದೊಡ್ಡವ್ವನಿಗೆ ತೋರಿಸಿಕೊಟ್ಟರು. ನೆಟ್ಟಗೆ ಕೂರಿಸಿ, ಗಟ್ಟಿ ಗಂಜಿಯನ್ನು ಚಮಚದಲ್ಲಿ ಚೂರು ಚೂರೇ ಕೊಡಬೇಕು. ಪ್ರತಿ ಸಲ ನುಂಗಿದ ಮೇಲೆ 'ಆ' ಅನ್ನಿಸಬೇಕು. ದನಿ ಗೊಳಗೊಳ ಅಂದರೆ ಅಲ್ಲಿಗೇ ನಿಲ್ಲಿಸಿ ಕೆಮ್ಮಿಸಬೇಕು.

ಅವನು ಊರಿಗೆ ಹೋದ ಮಾರನೇ ದಿನ ನನಗೆ ಡ್ಯೂಟಿಯಲ್ಲಿ ಕೈ ಓಡಲಿಲ್ಲ. ರಜೆ ಕೇಳಿ ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಸೀಟು ತುಂಬದೆ ಹೊರಡಲೊಲ್ಲದು. ಕಂಡಕ್ಟರ್ ಆರಾಮಾಗಿ ವಡೆ ತಿನ್ನುತ್ತಿದ್ದ. ಊಟದ ಹೊತ್ತಾಗುತ್ತಿದೆ ಎಂದು ನನಗೆ ಕುದಿ. ಇಳಿದು ಮತ್ತೊಂದು ಬಸ್ಸು ಹುಡುಕಿದೆ, ಇರಲಿಲ್ಲ, ಮತ್ತೆ ಅದನ್ನೇ ಹತ್ತಿದೆ.

ಊರು ತಲುಪಿದಾಗ ದೊಡ್ಡಪ್ಪನ ದನಿ ಬೀದಿಗೇ ಕೇಳುತ್ತಿತ್ತು. ನಾಲಿಗೆ ತೊದಲುತ್ತಿದ್ದರೂ ಜೋರಿಗೆ ಕಮ್ಮಿಯಿರಲಿಲ್ಲ. "ಬಾಣ್ತಿಯೇನೇ ನಾನು, ಗಂಜಿ ಕುಡಿಯಕ್ಕೆ? ಮುದ್ದೆ ಇಕ್ಕೇ!"

ದೊಡ್ಡವ್ವನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮುದ್ದೆ. "ಅಳ್ಳಿಯೋರು ಏನಂತಾರೆ ಕಣವ್ವ? ಗಂಡುಂಗೆ ಮುದ್ದೆನೂ ಇಕ್ದಂಗೆ ಮಡ್ಗವ್ಳೆ ಅನ್ನಲ್ವಾ?"

ತಟ್ಟೆ ಇಸಿದುಕೊಂಡೆ. "ಇದು ನನಗೆ. ನಿನಗೆ ಗಂಜಿ."

"ನೀನ್ಯಾವಳ್ಲೇ ನಂಗೇಳಕ್ಕೆ?"

"ನೀನೇ ಓದಿಸ್ದವ್ಳು."

ನನ್ನನ್ನು ದುರುಗುಟ್ಟಿ ನೋಡಿ, ಬಾಯಿ ತೆರೆದ. ಒಂದು ಚಮಚ ಇಳಿಯಿತು. 'ಆ' ಅನ್ನು ಎಂದೆ.

"ಎಳೆಮಗಾನ ನಾನು? ಮುಚ್ಚೇ ಬಾಯ!"

ದನಿಯಲ್ಲಿ ಗೊಳಗೊಳ ಇರಲಿಲ್ಲ. "ಇದೇ ಸಾಕು," ಎಂದೆ, "ನುಂಗಿದಾಗೆಲ್ಲ ಇಂಗೇ ಬಯ್ಯಿ."

ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದ್ನೂ ಯೋಳ್ಕೊಡ್ಬೇಕಾ ಅವಯ್ಯಂಗೆ?"

ಈಗ ವಾರ್ಡಿನಿಂದ ಯಾರನ್ನು ಕಳಿಸುವಾಗಲೂ ಮೆತ್ತಗಿನದು ಎಂದು ಸುಮ್ಮನಾಗುವುದಿಲ್ಲ. ನುಂಗಲು ಕಷ್ಟವಿದ್ದವರಿಗೆ ಮುದ್ದೆ ಬೇಡ ಎಂದು ಬಾಯಿಬಿಟ್ಟು ಹೇಳುತ್ತೇನೆ. ದಿನಾ ಮಧ್ಯಾಹ್ನ ಅವನ ಊಟದ ಹೊತ್ತಿಗೆ ಊರಿಗೆ ಫೋನು. ದೊಡ್ಡವ್ವ ಫೋನನ್ನು ಅವನ ಮುಂದೆ ಹಿಡಿಯುತ್ತಾಳೆ, ನಾನು ಬೈಸಿಕೊಳ್ಳುತ್ತೇನೆ.

ನಿನ್ನೆ ಬೈಗುಳ ಗೊಳಗೊಳ ಎಂದಿತು. "ನಿಲ್ಸು ದೊಡ್ಡವ್ವ!" ಎಂದು ಕೂಗಿದೆ.

"ಆಗ್ಲೇ ಚಮ್ಚ ಕೆಳಕ್ಕಿಟ್ಟೆ ಕಣವ್ವ."

ಕೆಮ್ಮು ಕೇಳಿಸಿತು. ಮತ್ತೆ ಕೆಮ್ಮು. ಆಮೇಲೆ, "ಯಾವಳ್ಲೇ ಅದು, ಉಣ್ಣೋ ಒತ್ನಲ್ಲಿ ಫೋನ್ ಮಾಡೋಳು?" ಗೊಳಗೊಳ ಇಲ್ಲದ ದನಿ, ಪೂರ್ತಿ ಜೋರು.

ಆದರೂ ಮೈ ಮುಟ್ಟಿ ನೋಡಿ ಜ್ವರವಿಲ್ಲ ಎಂದು ಸಂಜೆ ದೊಡ್ಡವ್ವ ಹೇಳುವವರೆಗೆ ನಾನು ಕೂತಲ್ಲಿ ಕೂರಲಿಲ್ಲ.