ತಕ್ಕಡಿಯಣ್ಣನ ಇಪ್ಪತ್ತನಾಲ್ಕು ತುಂಡು

ಮೇಷ್ಟ್ರಾಗಿ ಶಾಲೆಗೆ ಸೇರಿದ ಮೊದಲ ದಿನ ಸೀಮೆಸುಣ್ಣ ಹುಡುಕುತ್ತ ನಾನು ದಾರಿ ತಪ್ಪಿ ಪ್ರಯೋಗಾಲಯಕ್ಕೆ ನುಗ್ಗಿದ್ದೆ. ಗಾಜಿನ ನಳಿಕೆ ಒರೆಸುತ್ತಿದ್ದ ಸಣಕಲು ವ್ಯಕ್ತಿಯೊಬ್ಬರು ತಲೆಯೆತ್ತದೆ ಹೇಳಿದರು: “ಏನನ್ನೂ ಮುಟ್ಟಬೇಡಿ ಮೇಷ್ಟ್ರೇ. ಮುಟ್ಟಿದ್ರೂ ಮೂಸಬೇಡಿ. ಮೂಸಿದ್ರೂ, ದಮ್ಮಯ್ಯ, ನಾಲಿಗೆಗೆ ಇಟ್ಕೋಬೇಡಿ.”

“ಯಾರಾದ್ರೂ ಇಟ್ಕೊಂಡಿದ್ರಾ?”

“ನಿಮಗಿಂತ ಮುಂಚೆ ಇದ್ದ ಭಾಷೆ ಮೇಷ್ಟ್ರು. ಸಕ್ಕರೆ ಅಂದ್ಕೊಂಡ್ರಂತೆ.”

ಅವರು ಪ್ರಯೋಗಾಲಯದ ಸಹಾಯಕರು. ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ತೂಗುತ್ತಿದ್ದುದರಿಂದ ಶಾಲೆಗೆಲ್ಲ ತಕ್ಕಡಿಯಣ್ಣ. ಅಧ್ಯಾಪಕರ ಕೊಠಡಿಗೆ ಚಹಾ ತರುವುದೂ ಲೋಟ ತೊಳೆಯುವುದೂ ಅದು ಹೇಗೋ ಅವರ ಪಾಲಿಗೇ ಬಂದಿತ್ತು. ಮೂವತ್ತು ವರ್ಷ ನಾವು ಕುಡಿದೆವು, ಅವರು ತೊಳೆದರು. ಅದು ಸರಿಯಲ್ಲವೆಂದು ನಮಗ್ಯಾರಿಗೂ ತೋಚಲಿಲ್ಲ.

ನಿವೃತ್ತರಾದ ಮೇಲೆ ತಿಂಗಳಿಗೊಮ್ಮೆ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಹಳಬರೆಲ್ಲ ಸೇರತೊಡಗಿದೆವು. ಕೈಯಾರೆ ಮಾಡಿದ ತಿಂಡಿ ತರುವುದು ರೂಢಿಯಾಯಿತು. ತಕ್ಕಡಿಯಣ್ಣನವರೂ ಬಂದರು. ಆದರೆ ಕೂರಲಿಲ್ಲ. ಬಂದ ಎರಡೇ ನಿಮಿಷಕ್ಕೆ ಅಡುಗೆಮನೆ ಸೇರಿ ನಲ್ಲಿ ತಿರುಗಿಸಿದರು. ಕರೆದರೆ, “ಇದೊಂದು ಲೋಟ, ಬಂದೆ” ಎನ್ನುವರು.

ಮುಂದಿನದನ್ನು ನನಗೆ ಹೇಳಿದವಳು ಅವರ ಮಗಳು. ಮೂರನೆಯ ಕೂಟದ ದಿನ ಬೆಳಿಗ್ಗೆಯೇ ಅವರು ಅವಳ ಓವನ್ ಮುಂದೆ ನಿಂತಿದ್ದರಂತೆ. “ಕೈ ಬೀಸ್ಕೊಂಡು ಹೋದ್ರೆ ಕೈ ಲೋಟದ ಕಡೆಗೇ ಹೋಗುತ್ತೆ ಕಣಮ್ಮ. ನಾನೂ ಏನಾದ್ರೂ ತಗೊಂಡು ಹೋಗ್ತೀನಿ. ಒಂದ್ಸಲ ಎಲ್ಲರ ಜೊತೆ ಕೂತ್ಕೋಬೇಕು.”

ಓಟ್ಸ್ ಬಾರ್ ಎಂಬ ಸಿಹಿತಿಂಡಿಗೆಂದು ಓಟ್ಸ್, ಖರ್ಜೂರ, ಬೆಣ್ಣೆ, ಜೇನುತುಪ್ಪ, ಉಪ್ಪುಗಳನ್ನು ಅಡುಗೆ ಪುಸ್ತಕದಲ್ಲಿದ್ದಂತೆಯೇ ತೂಗಿ ಕಲಸಿದರು. ತಟ್ಟೆಗೆ ಒತ್ತಿ ಬೇಯಿಸಿದರು. ಬಣ್ಣ ಹೊನ್ನಿನಂತೆ ಬಂದಿತ್ತು. ಮಗಳು ಒಂದು ತುಂಡು ಬಾಯಿಗಿಟ್ಟವಳೇ ನಲ್ಲಿಯ ಕಡೆ ಓಡಿದಳು.

“ಅಪ್ಪಾ, ಬರೀ ಉಪ್ಪು! ಬೆಣ್ಣೇಲೇ ಉಪ್ಪಿತ್ತಲ್ಲ, ಮತ್ತೆ ಯಾಕೆ ಹಾಕ್ದೆ? ರುಚಿ ನೋಡ್ಲಿಲ್ವಾ?”

“ತೂಗಿದ್ದನ್ನ ಬಾಯಿಗೆ ಹಾಕ್ಕೊಳ್ಳೋದಾ? ನನ್ನ ಸರ್ವೀಸಲ್ಲೇ ಹಾಕ್ಕೊಂಡಿಲ್ಲ!”

ಆಗ ಗಂಟೆ ಒಂದು, ಕೂಟ ನಾಲ್ಕಕ್ಕೆ. ಇನ್ನೊಂದೇ ತಟ್ಟೆಗಾಗುವಷ್ಟು ಬೆಣ್ಣೆ ಉಳಿದಿತ್ತು.

“ಅಂಗಡಿಯಿಂದ ತಂದ್ಬಿಡೋಣ ಬಿಡಪ್ಪ.”

“ತಂದ್ರೆ ಅಂಗಡಿಯವನು ಕೂತ್ಕೋಬೇಕು, ನಾನಲ್ಲ.”

ಈ ಸಲ ಉಪ್ಪು ಬಿಟ್ಟು ಮತ್ತೆ ಕಲಸಿದರು. ಬೆರಳ ತುದಿಯಲ್ಲಿ ಚೂರು ತೆಗೆದು, ಕಣ್ಣು ಮುಚ್ಚಿ, ವಿಷ ಕುಡಿಯುವವರಂತೆ ನಾಲಿಗೆಗಿಟ್ಟರು. ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. “ನಿಂಬೆರಸ ಬೇಕು ಕಣೇ,” ಎಂದರು. ಪುಸ್ತಕದಲ್ಲಿ ನಿಂಬೆಯ ಮಾತೇ ಇರಲಿಲ್ಲ. ಬೆಂದದ್ದನ್ನು ಫ್ಯಾನಿನ ಕೆಳಗೆ ಆರಿಸಿ, ಅಡಿಪಟ್ಟಿಯಿಟ್ಟು ಇಪ್ಪತ್ತನಾಲ್ಕು ತುಂಡು ಮಾಡಿದರು.

ಕೂಟದಲ್ಲಿ ತಟ್ಟೆ ಮೇಜಿಗೆ ಬಂದಾಗ ಲೆಕ್ಕದ ಮೇಡಂ ಕನ್ನಡಕ ಏರಿಸಿದರು. “ಇದನ್ನ ಬೇಯಿಸಿದ್ರೋ, ಅಚ್ಚು ಹಾಕಿಸಿದ್ರೋ?”

ಕಚ್ಚಿದರು. ಆಮೇಲೆ ಕೈ ತಟ್ಟೆಗೂ ಬಾಯಿಗೂ ಓಡಾಡಿತು.

“ಎಷ್ಟಾಯ್ತು ಮೇಡಂ ನಿಮ್ದು?” ಎಂದೆ.

“ನಿವೃತ್ತಿ ಆದ್ಮೇಲೆ ನಾನು ಎಣಿಸಲ್ಲ!”

ಕಾಲು ಗಂಟೆಯಲ್ಲಿ ತಟ್ಟೆ ಖಾಲಿ. ಮಾಡುವ ವಿಧಾನ ಹೇಳಿ ಎಂದು ಎಲ್ಲರೂ ಮುತ್ತಿಕೊಂಡರು. ತಕ್ಕಡಿಯಣ್ಣ ಕುರ್ಚಿಯೊಂದನ್ನು ನಡುಮಧ್ಯಕ್ಕೆ ಎಳೆದು, ಕಾಲ ಮೇಲೆ ಕಾಲು ಹಾಕಿ ಕುಳಿತು ಶುರುಮಾಡಿದರು. ಹೆಡ್‌ಮಾಸ್ಟರು ಸದ್ದಿಲ್ಲದೆ ಎದ್ದು ಲೋಟಗಳನ್ನು ಒಟ್ಟುಮಾಡಿಕೊಂಡು ಒಳಗೆ ನಡೆದರು. ತಕ್ಕಡಿಯಣ್ಣ ಅತ್ತ ನೋಡಿದರು. ಅವರು ಏಳುವರೆಂದೇ ನಾನು ಎಣಿಸಿದ್ದೆ.

“ಸಾರ್, ಸೋಪು ಎಡಗಡೆ ಇದೆ,” ಎಂದವರೇ ಖರ್ಜೂರದ ವಿಷಯಕ್ಕೆ ಮರಳಿದರು.

ಈಗ ಕೂಟ ನಡೆಯುವುದು ಅವರ ಮನೆಯಲ್ಲೇ. ಅದಕ್ಕೆಂದು ಆರು ಕುರ್ಚಿ ಕೊಂಡಿದ್ದಾರೆ. ಸದ್ಯ ವಾಲ್‌ನಟ್ ಬಾರಿನ ಮೇಲೆ ಪ್ರಯೋಗ ಸಾಗಿದೆ. ನಿನ್ನೆ ಫೋನಿನಲ್ಲಿ ನನಗೂ ಅಪ್ಪಣೆಯಾಯಿತು: “ಮೇಷ್ಟ್ರೇ, ಈ ಸಲ ಚಹಾ ನಿಮ್ದು. ಬೇಗ ಬಂದ್ಬಿಡಿ.”